ಎಮ್ಮೆ ಎಷ್ಟನೇ ಲೇಯರ್?

ವಿಜಯಪುರದ ನಮ್ಮ ಓಣಿಯಲ್ಲಿ ಒಂದು ಖಾನಾವಳಿ ಇದೆ. ನಡೆಸುವವರನ್ನು ಎಲ್ಲರೂ ಅಕ್ಕಾರು ಅಂತೀವಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೊನೆಗೆ ಮಜ್ಜಿಗೆ. ಒಂದು ಊಟಕ್ಕೆ 90 ರೂಪಾಯಿ. ಇಬ್ಬರು ಉಂಡರೆ 180. ಈ 180 ರೂಪಾಯಿಯಿಂದಲೇ ದೇಶದ ಭದ್ರತೆಗೆ ಕುತ್ತು ಬಂದದ್ದು.

ಇಬ್ಬರು ಹುಡುಗರು ಬಂದರು. ಉಂಡರು. ಗೋಡೆಯ ಮೇಲಿನ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದರು. ಸೌಂಡ್ ಬಾಕ್ಸ್ 'ನೂರಾ ಎಂಬತ್ತು ರೂಪಾಯಿ ಬಂದಿದೆ' ಎಂದು ಓಣಿಗೆಲ್ಲ ಕೇಳುವಂತೆ ಕೂಗಿತು. ನಾಲ್ಕು ದಿನ ಬಿಟ್ಟು ಅಕ್ಕಾರು ಗಿರಣಿಯವನಿಗೆ ರೊಕ್ಕ ಹಾಕಲು ನೋಡಿದರೆ ಹೋಗಲಿಲ್ಲ. ಖಾತೆ ಫ್ರೀಜ್ ಆಗಿತ್ತು.

ವಿಷಯ ಇಷ್ಟೇ. ನಾವು ಕಾಣದ ಯಾವುದೋ ಊರಿನಲ್ಲಿ ಯಾರಿಗೋ ಆನ್‌ಲೈನ್‌ನಲ್ಲಿ ಟೋಪಿ ಬಿತ್ತು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ಕಳ್ಳನ ಕೈಗೆ ಸಿಕ್ಕ ರೊಕ್ಕ ಒಂದು ಕಡೆ ನಿಲ್ಲುವುದಿಲ್ಲ. ನಿಮಿಷಗಳಲ್ಲಿ ಹತ್ತಾರು ಖಾತೆಗೆ ಹಾರುತ್ತದೆ. ರೊಕ್ಕ ಮೊದಲು ಬಿದ್ದ ಖಾತೆ ಒಂದನೇ ಲೇಯರ್. ಅಲ್ಲಿಂದ ಹೋದದ್ದು ಎರಡನೇದು. ಹೀಗೆ ಎಣಿಸುತ್ತಾ ಬಂದರೆ, ಆ 180 ಬಿದ್ದ ನಮ್ಮ ಅಕ್ಕಾರು ನಾಲ್ಕನೇ ಲೇಯರ್. 30 ವರ್ಷ ರೊಟ್ಟಿ ಬಡಿದ ಹೆಂಗಸಿಗೆ ಸಿಕ್ಕ ಮೊದಲ ಹುದ್ದೆ.

ಜೊತೆಗೆ ನಾನೂ ಬ್ಯಾಂಕಿಗೆ ಹೋಗಿದ್ದೆ.

"ಸಾಹೇಬ್ರ, ನಂದೇನ್ ತಪ್ಪದರಿ?"

"ನಿಮ್ಮದೇನೂ ತಪ್ಪಿಲ್ರಿ ಅಕ್ಕಾರ. ಅದಕ್ಕ ಬರೇ ಖಾತೆ ಬಂದ್ ಮಾಡೀವಿ."

"ಖಾತೆದಾಗ 62 ಸಾವಿರ ಅದರಿ. ಆ 180 ಹಿಡಕೊಂಡು ಉಳಿದದ್ದು ಬಿಡ್ರಿ."

"ಹಂಗ ಬರೂದಿಲ್ರಿ. ಮ್ಯಾಲಿಂದ ಆರ್ಡರ್ ಅದ."

ಹಾಗೆ ಬರುತ್ತದೆ. ತಕರಾರು ಇರುವಷ್ಟು ರೊಕ್ಕವನ್ನು ಮಾತ್ರ ತಡೆದು ಹಿಡಿಯುವುದಕ್ಕೆ ಬ್ಯಾಂಕಿನವರೇ ಲೀನ್ ಅನ್ನುತ್ತಾರೆ. ಪೊಲೀಸರು ಹೇಳಿದ ಮೊತ್ತವನ್ನಷ್ಟೇ ತಡೆಯಿರಿ ಎಂದು ಕೇರಳ ಹೈಕೋರ್ಟ್ 2023ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದರೆ 180 ಎಂದು ಟೈಪ್ ಮಾಡಲು ಮೂರು ಅಂಕಿ ಒತ್ತಬೇಕು. ಪೂರ್ತಿ ಬಂದ್ ಮಾಡಲು ಒಂದೇ ಗುಂಡಿ. ಬ್ಯಾಂಕಿನವರಿಗೂ ಕೆಲಸ ಜಾಸ್ತಿ ಅಲ್ವಾ.

ಅಕ್ಕಾರ ಖಾತೆಗೆ ಆದದ್ದು ಡೆಬಿಟ್ ಫ್ರೀಜ್. ಅಂದರೆ ರೊಕ್ಕ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಇಲಿ ಬೋನಿನ ಲೆಕ್ಕ. ಸೌಂಡ್ ಬಾಕ್ಸಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅದು ದಿನವಿಡೀ 'ಬಂದಿದೆ, ಬಂದಿದೆ' ಎಂದು ಖುಷಿಯಿಂದ ಕೂಗುತ್ತಲೇ ಇತ್ತು. ಒಲೆ ಮುಂದೆ ಕೂತ ಅಕ್ಕಾರು ಪ್ರತಿ ಸಲ 'ಬಂತು ನೋಡ್ರಿ, ಇನ್ನೊಂದು ಜೇಲಿಗೆ ಹೋತು' ಅನ್ನುತ್ತಿದ್ದರು.

ಪೊಲೀಸರು ಖಾತೆ ತಡೆಯುವುದು ಹೊಸ ಕಾನೂನಿನ 106ನೇ ಕಲಂ ಹಿಡಿದುಕೊಂಡು. 2024ರ ಜುಲೈ 1ರವರೆಗೆ ಇದೇ ಅಧಿಕಾರ ಹಳೆಯ ಕಾನೂನಿನ 102ನೇ ಕಲಮಿನಲ್ಲಿತ್ತು. ಹೊಸದರ ಹೆಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅಕ್ಕಾರು ನಾಗರಿಕರು, ಅವರ ರೊಕ್ಕ ಸುರಕ್ಷಿತ. ಎಷ್ಟು ಸುರಕ್ಷಿತ ಅಂದರೆ ಅವರ ಕೈಗೂ ಸಿಗುವುದಿಲ್ಲ.

ಬ್ಯಾಂಕು 'ಪೊಲೀಸರನ್ನ ಕೇಳ್ರಿ' ಅಂದಿತು. ಇಲ್ಲಿಯ ಠಾಣೆ 'ಇದು ನಮ್ಮ ಕೇಸ್ ಅಲ್ರಿ' ಅಂದಿತು. ದೂರದ ಠಾಣೆಯ ಫೋನ್ ರಿಂಗ್ ಆಗುತ್ತದೆ, ಅಷ್ಟೇ. ಆಪಿನ ಚಾಟ್ ಮಾತ್ರ ತಕ್ಷಣ ಉತ್ತರ ಕೊಟ್ಟಿತು: 'ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?' ಇದನ್ನು ಗೋಲಗುಂಬಜಕ್ಕೆ ಹೋಲಿಸೋಣ ಅಂದುಕೊಂಡೆ. ಆದರೆ ಗೋಲಗುಂಬಜ ನಾವು ಕೂಗಿದ್ದನ್ನೇ ಏಳು ಸಲ ಹೇಳುತ್ತದೆ. ಕೇಳಿಸಿಕೊಂಡಿದೆ ಅಂತಾದರೂ ಗೊತ್ತಾಗುತ್ತದೆ. ಹೋಲಿಕೆ ಕೂಡಲಿಲ್ಲ.

ಕೂಡುವುದು ಮಲಿಕ್-ಎ-ಮೈದಾನ. ಸುಮಾರು 55 ಟನ್ ತೂಕದ ತೋಪು. ಬತ್ತಿಗೆ ಬೆಂಕಿ ಇಟ್ಟವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಜಿಗಿಯುತ್ತಿದ್ದನಂತೆ. ಗೈಡ್‌ಗಳು ಹೇಳುವ ಕಥೆ. ಫ್ರೀಜ್ ಗುಂಡಿ ಒತ್ತುವವರದೂ ಇದೇ ಪದ್ಧತಿ. ಒತ್ತು, ಜಿಗಿ. ಒಂದೇ ವ್ಯತ್ಯಾಸ, ಆದಿಲಶಾಹಿ ಕಾಲದವನು ಸ್ವಲ್ಪ ಹೊತ್ತಿಗೆ ನೀರಿನಿಂದ ಮೇಲೆ ಬರುತ್ತಿದ್ದ.

ಸುಮ್ನೆ ಬೈಯುತ್ತಿಲ್ಲ. ಕಳುವಾದ ರೊಕ್ಕವನ್ನು ಬೇಗ ತಡೆಯಲೇಬೇಕು. ತಡವಾದರೆ ಎಟಿಎಂನಿಂದ ಹೊರಬಿದ್ದು ಮಾಯವಾಗುತ್ತದೆ. ಬಾಡಿಗೆಗೆ ಖಾತೆ ಕೊಟ್ಟು ಕಮಿಷನ್ ತಿನ್ನುವವರೂ ಇದ್ದಾರೆ. ಅವರನ್ನು ಹಿಡಿಯಿರಿ, ಯಾರು ಬೇಡ ಅಂದರು? ಕದ್ದ ರೊಕ್ಕದಲ್ಲಿ ಇಬ್ಬರು ಉಂಡರೆ, ಬಡಿಸಿದವರೂ ಕಳ್ಳರೇ ಅನ್ನುವ ಲೆಕ್ಕ ಮಾತ್ರ ನನಗೆ ತಿಳಿಯುತ್ತಿಲ್ಲ.

ಕಳ್ಳನ ರೊಕ್ಕವೇ ಬೇಕು ಅಂತಿಲ್ಲ, ಒಳ್ಳೆಯ ವ್ಯಾಪಾರವೂ ಸಾಕು. ಪಕ್ಕದ ಅಂಗಡಿ ಕಾಕಾನ ಪೇಮೆಂಟ್ ಆಪ್ ಸಂಕ್ರಾಂತಿಯಲ್ಲಿ ಬಂದ್ ಆಯಿತು. ಸಿದ್ಧೇಶ್ವರ ಜಾತ್ರೆ. ಬೆಂಡು ಬತ್ತಾಸಿನ ವ್ಯಾಪಾರ ದಿನಕ್ಕಿಂತ ಹತ್ತು ಪಟ್ಟು. ಎಲ್ಲೋ ಕೂತ ಕಂಪ್ಯೂಟರಿಗೆ ಜಾತ್ರೆ ಅಂದರೇನು ಗೊತ್ತು? 'ಅಸಹಜ ವಹಿವಾಟು' ಅಂದಿತು. ಕಾರಣ ಕೇಳಿದರೆ ಹೇಳುವುದಿಲ್ಲ. ಅನುಮಾನದ ವರದಿ ಮೇಲೆ ಹೋಗಿದ್ದರೆ ಗಿರಾಕಿಗೆ ಸುಳಿವು ಕೊಡಬಾರದು ಅಂತ ನಿಯಮವೇ ಇದೆ. ಕಳ್ಳ ಎಚ್ಚರಾಗಬಾರದಲ್ಲ. ಬತ್ತಾಸು ಮಾರುವವನೂ ಆಗಬಾರದು.

ಇನ್ನು ಕೆವೈಸಿ, ಅಂದರೆ ಗಿರಾಕಿಯ ಗುರುತಿನ ಪರಿಶೀಲನೆ. ನಮ್ಮ ಕಡೆ ಅಡ್ಡಹೆಸರು ಮೆಣಸಿನಕಾಯಿ, ಉಳ್ಳಾಗಡ್ಡಿ. ಇಂಗ್ಲಿಷಿನಲ್ಲಿ ಇವನ್ನು ಬರೆದ ಗುಮಾಸ್ತರು ಒಬ್ಬರ ಹಾಗೆ ಇನ್ನೊಬ್ಬರು ಬರೆದಿಲ್ಲ. ಆಧಾರ್‌ನ ಮೆಣಸಿನಕಾಯಿ ಬೇರೆ, ಪ್ಯಾನ್‌ನ ಮೆಣಸಿನಕಾಯಿ ಬೇರೆ. ಕಂಪ್ಯೂಟರಿಗೆ ಖಾರ ಎರಡರಲ್ಲೂ ಒಂದೇ ಅಂತ ಹೇಗೆ ತಿಳಿಸುವುದು?

ಇರಲಿ, ಲೇಯರಿಗೆ ಬರೋಣ. ಆ 180 ರೂಪಾಯಿ ಅಕ್ಕಾರ ಖಾತೆಯಲ್ಲಿ ನಿಂತಿರಲಿಲ್ಲ. ಫ್ರೀಜ್ ಆಗುವ ಮೊದಲೇ ಹಾಲಿನವನ ಬಾಕಿಗೆ ಸ್ವಲ್ಪ ಹೋಗಿತ್ತು. ಅಂದರೆ ಹಾಲಿನವನು ಐದನೇ ಲೇಯರ್. ಅವನು ಹತ್ತಿಕಾಳು ಹಿಂಡಿ ತಂದ. ಹಿಂಡಿ ಅಂಗಡಿ ಆರನೇದು. ಆದರೆ ಹಿಂಡಿ ತಿಂದದ್ದು ಯಾರು? ಎಮ್ಮೆ. ನಿಜವಾದ ಫಲಾನುಭವಿ ಅದೇ. ಕೆವೈಸಿ ಇಲ್ಲ, ಪ್ಯಾನ್ ಇಲ್ಲ, ಸಹಿ ಹಾಕಲು ಬರುವುದಿಲ್ಲ, ದಿನಾ ಎರಡು ಹೊತ್ತು ಬಿಳಿ ಮಾಲು ಹೊರಗೆ ಬಿಡುತ್ತದೆ. ಇಂಥ ಅನುಮಾನಾಸ್ಪದ ಆಸಾಮಿಯನ್ನು ಬಿಟ್ಟು ಖಾನಾವಳಿಗೆ ಬಂದಿದ್ದಾರೆ.

ಇದನ್ನೆಲ್ಲ ನಾನು ನಗುತ್ತಾ ಖಾನಾವಳಿಯಲ್ಲಿ ಹೇಳುತ್ತಿದ್ದೆ. ಅಕ್ಕಾರು ಕ್ಯೂಆರ್ ಚೀಟಿಯ ಮೇಲೆ ಹಳೆಯ ಕ್ಯಾಲೆಂಡರ್ ನೇತುಹಾಕಿ 'ನಗದು ರೊಕ್ಕ ಅಷ್ಟ ಕೊಡ್ರಿ' ಎಂದು ಬರೆದಿದ್ದರು. ಬಾಗಿಲಲ್ಲಿ ಕ್ಯಾನು ಹಿಡಿದು ನಿಂತಿದ್ದ ಹಾಲಿನವನು ಎಲ್ಲಾ ಕೇಳಿಸಿಕೊಂಡ. ನಗಲಿಲ್ಲ. ಒಳಗೆ ಬಂದು ಮೆಲ್ಲಗೆ ಕೇಳಿದ:

"ಅಣ್ಣಾರ, ಎಮ್ಮಿ ನನ್ನ ಹೆಸರಿಲೆ ಇಲ್ಲ, ನಮ್ಮವ್ವನ ಹೆಸರಿಲೆ ಅದ. ನಡೀತದಲ್ರಿ?"