ಮಹಾಪ್ರಾಣದ ಬಂಗಾರ

ಎದುರು ಮನೆಯ ವೈನಿ ಒಂದು ಮಧ್ಯಾಹ್ನ ನನ್ನ ಹೆಂಡತಿಯ ಹತ್ತಿರ ಬಂದು ದನಿ ಸಣ್ಣದು ಮಾಡಿ ಕೇಳಿದರಂತೆ: "ಅಕ್ಕಾರ, ನಿಮ್ಮ ಮನ್ಯಾವ್ರು ವಾರಾ ವಾರಾ ಬಂಗಾರ ತರ್ತಾರಂತಲ್ಲ, ಯಾವ ಅಂಗಡ್ಯಾಗ್ರಿ?"

ಆದದ್ದಿಷ್ಟು. ಹೆಂಡತಿ ಗೋಕಾಕದ ತಂಗಿಯ ಜೊತೆ ಫೋನಿನಲ್ಲಿ ನನ್ನ ಬಗ್ಗೆ ಹೊಟ್ಟೆಯೊಳಗಿನದನ್ನೆಲ್ಲ ಹೊರಹಾಕುವಾಗ ಕಿಟಕಿ ತೆರೆದಿತ್ತು. ಅವಳು ಅಂದದ್ದು ಭಂಗಾರ. ಬೆಂಗಳೂರಿನವರು ಗುಜರಿ ಅನ್ನುವುದನ್ನು ನಾವು ಬೆಳಗಾವಿಯವರು ಭಂಗಾರ ಅನ್ನುತ್ತೇವೆ. ಮರಾಠಿಯಿಂದ ಬಂದು ನಮ್ಮ ಪಡಸಾಲೆಯಲ್ಲೇ ಕೂತುಬಿಟ್ಟ ಶಬ್ದ. ಕಿಟಕಿ ದಾಟಿ ರಸ್ತೆ ದಾಟುವಷ್ಟರಲ್ಲಿ ಅದರ ಮಹಾಪ್ರಾಣ ಹಾರಿಹೋಗಿತ್ತು.

"ನಮ್ಮ ಮನಿಗೆ ಬರೂದು ಕಿಲೋ ಲೆಕ್ಕದ್ದ್ರಿ ವೈನಿ" ಎಂದು ಹೆಂಡತಿ ನಿಟ್ಟುಸಿರು ಬಿಟ್ಟಳಂತೆ. ವೈನಿಯ ಕಣ್ಣು ಇನ್ನಷ್ಟು ಅಗಲವಾದವು.

ನಾನು ತರುವುದು ಹಳೆಯ ಚಾಕು. ಮಡಚಿ ಜೇಬಿನಲ್ಲಿಟ್ಟುಕೊಳ್ಳುವ, ತುಕ್ಕು ಹಿಡಿದ, ಅರ್ಧಕ್ಕರ್ಧ ತೆರೆಯಲಿಕ್ಕೇ ಬಾರದ ಚಾಕು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಜೀವಮಾನವಿಡೀ ಮಂದಿಯ ದುಡ್ಡು ಎಣಿಸಿದವನಿಗೆ ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಕೆಲವರು ತೋಟ ಮಾಡುತ್ತಾರೆ, ಕೆಲವರು ವಚನ ಕಲಿಯುತ್ತಾರೆ. ನನಗೆ ಅಜ್ಜನ ಚಾಕು ಸಿಕ್ಕಿತು.

ಬೈಲಹೊಂಗಲದ ಕಡೆಯ ನಮ್ಮ ಹಳೆ ಮನೆಯ ಟ್ರಂಕಿನಲ್ಲಿ, ಎಲೆ-ಅಡಿಕೆಯ ಚಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ ಅದು ಮಲಗಿತ್ತು. ಅಜ್ಜ ಅದನ್ನು ಚುಕ್ಕಿ ಚಾಕು ಅನ್ನುತ್ತಿದ್ದ. ಅದರಲ್ಲೇ ಕಬ್ಬು ಸುಲಿದು ಕೊಡುತ್ತಿದ್ದ, ಅದರಲ್ಲೇ ಕಾಲಿನ ಮುಳ್ಳು ತೆಗೆಯುತ್ತಿದ್ದ, ನಡುವೆ ಧೋತರಕ್ಕೆ ಒರೆಸುತ್ತಿದ್ದನೋ ಇಲ್ಲವೋ ನೆನಪಿಲ್ಲ. ಅಲಗಿನ ಬುಡದಲ್ಲಿ ಒಂದು ಚುಕ್ಕಿ (ಆಕಾಶದ ಚುಕ್ಕಿ, ನಕ್ಷತ್ರ), ಒಂದು ಶಿಲುಬೆ, ಕೆಳಗೆ ಇಂಗ್ಲಿಷ್ ಅಕ್ಷರ. ಆ ಗುರುತು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಕಂಪನಿಯದು, ಗುರುತಿಗೆ ಮೊದಲು ಒಪ್ಪಿಗೆ ಸಿಕ್ಕಿದ್ದು 1682ರಲ್ಲಿ ಎಂಬುದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಮೇಲೆ ಅಂದರೆ, ಗುರುತು ಹೋದ ಮೇಲೆ.

ಯಾಕೆಂದರೆ ನಾನು ಮೊದಲು ಮಾಡಿದ ಕೆಲಸ, ಓಣಿಗೆ ಬಂದ ಸಾಣೆಯವನನ್ನು ಕರೆದದ್ದು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕೂತಲ್ಲೇ ಪೆಡಲ್ ತುಳಿಯುತ್ತ, ಹ್ಯಾಂಡಲ್ಲಿನ ಹತ್ತಿರದ ಕಲ್ಲು ತಿರುಗಿಸುವವನು. "ಚೊಕ್ಕ ಮಾಡಿಕೊಡಪಾ" ಅಂದೆ. ಅಷ್ಟೇ ಅಂದದ್ದು. ಅಂವ ಅಂಚನ್ನು ಸಾಣೆ ಹಿಡಿದ; ಅಷ್ಟಕ್ಕೆ ನಿಲ್ಲಿಸದೆ ಚಾಕುವನ್ನು ಅಡ್ಡ ಮಲಗಿಸಿ ಹೊಟ್ಟೆಗೂ ಹಿಡಿದ. ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಕಿಡಿ ಹಾರುವುದನ್ನು ನಾನು ಕೈಕಟ್ಟಿ ನಿಂತು ಖುಷಿಯಿಂದಲೇ ನೋಡಿದೆ.

"ಬೆಳ್ಳಿಯಂಗ ಆಗೈತಿ ನೋಡ್ರಿ ಸಾಹೇಬ್ರ."

ಆಗಿತ್ತು. ಚುಕ್ಕಿ ಇರಲಿಲ್ಲ, ಶಿಲುಬೆ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಮೂರು ಶತಮಾನ ಬಾಳಿದ ಗುರುತು ನಮ್ಮ ಗೇಟಿನ ಮುಂದೆ ಎರಡು ನಿಮಿಷದಲ್ಲಿ ಪುಡಿಯಾಗಿ ಗಟಾರಕ್ಕೆ ಹೋಯಿತು. ಅದಕ್ಕೆ ಇಪ್ಪತ್ತು ರೂಪಾಯಿ ಕೊಟ್ಟೆ. ಚಹಾ ಬೇರೆ ಕುಡಿಸಿದೆ.

ಆ ಪಾಪ ಕಳೆದುಕೊಳ್ಳಲಿಕ್ಕೆ ಇನ್ನೊಂದು ಚುಕ್ಕಿ ಚಾಕು ಹುಡುಕುತ್ತ ಭಂಗಾರದ ಅಂಗಡಿ ಹತ್ತಿದವನು ಇನ್ನೂ ಇಳಿದಿಲ್ಲ. ಬೆಳಗಾವಿ ದಂಡಿನ ಊರು. ಕ್ಯಾಂಪಿನ ಹಳೆ ಮನೆಗಳು ಖಾಲಿಯಾದಾಗೆಲ್ಲ ಏನಾದರೂ ಬರುತ್ತದೆ ಎಂಬುದು ನನ್ನ ಲೆಕ್ಕ. ಮೊದಲ ತಿಂಗಳೇ ಒಂದು ಫೌಜಿನ ಚಾಕು ಸಿಕ್ಕಿತು: ಅಂಗೈಯಷ್ಟು ಉದ್ದ, ಕರಿಯ ಚೌಕಳಿ ಹಿಡಿಕೆ, ಒಂದು ಮೊಂಡು ಮೂತಿಯ ಅಲಗು, ಒಂದು ಡಬ್ಬಿ ತೆರೆಯುವ ಕೊಕ್ಕೆ, ಬೆನ್ನಿಗೆ ಹಗ್ಗ ಬಿಚ್ಚುವ ದಬ್ಬಣ. ಅಲಗಿನ ಮೇಲೆ ಕೋಳಿ ಕಾಲು ಊರಿದಂಥ ಬಾಣ. ಬ್ರಿಟಿಷ್ ಸರಕಾರದ ಸಾಮಾನು ಅನ್ನುವುದಕ್ಕೆ ಆ ಬಾಣವೇ ಗುರುತು. ಅಂಗಡಿಯವ ಅದನ್ನು ಕಿಲೋ ಲೆಕ್ಕದಲ್ಲಿ ತೂಗಿ ಹನ್ನೆರಡು ರೂಪಾಯಿ ಅಂದ. ನಾನು ಸುಮ್ಮನೆ ಕೊಟ್ಟು ಬರಬೇಕಿತ್ತು. ಬಾಯಿ ಸುಮ್ಮನಿರಬೇಕಲ್ಲ! "ಇದು ಮಹಾಯುದ್ಧದ್ದೋ ಮಾರಾಯಾ" ಅಂದೆ.

ಮುಂದಿನ ರವಿವಾರದಿಂದ ಅವನ ಅಂಗಡಿಯಲ್ಲಿ ಎಲ್ಲವೂ ಮಹಾಯುದ್ಧದ್ದೇ. ಹಿಡಿಕೆ ಇಲ್ಲದ ಈಳಿಗೆ, ಮುರಿದ ಅಡಕತ್ತರಿ, ಹಜಾಮರ ಕತ್ತಿ, ಒಮ್ಮೆ ಸೈಕಲ್ಲಿನ ಮಡ್‌ಗಾರ್ಡ್ ಕೂಡ. "ಅಂಟಿಕ್ ಐತ್ರಿ ಸಾಹೇಬ್ರ, ನಿಮಗಂತ ತಗದ ಇಟ್ಟೀನಿ." ಕಿಲೋ ಲೆಕ್ಕ ಹೋಗಿ ಒಂದೊಂದು ನಗಕ್ಕೆ ಇಷ್ಟೆಂಬ ಲೆಕ್ಕ ಬಂತು. ಈಗ ವೈನಿ ಅಂದದ್ದೇ ನಿಜ, ನನಗೆ ಅದು ಬಂಗಾರದ ರೇಟೇ.

ಹಳೆ ಚಾಕುವಿಗೆ ತುಕ್ಕು ಯಾಕೆ ಅಂದರೆ ಅವೆಲ್ಲ ಕಾರ್ಬನ್ ಉಕ್ಕು. ತುಕ್ಕು ಹಿಡಿಯದ ಉಕ್ಕನ್ನು ಅದೇ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಎಂಬಾತ ಕುದುರಿಸಿದ್ದು 1913ರಲ್ಲಿ. ಆತ ಐವತ್ತು ವರ್ಷ ಮೊದಲು ಹುಟ್ಟಿದ್ದರೆ ನನ್ನ ಸಂಸಾರ ಸುಖವಾಗಿರುತ್ತಿತ್ತು. ಕಾರ್ಬನ್ ಉಕ್ಕಿಗೆ ಒಂದು ಲಿಂಬಿಕಾಯಿ ಹೆಚ್ಚಿದರೂ ಸಾಕು, ಬೂದು-ನೀಲಿ ಬಣ್ಣ ಏರುತ್ತದೆ. ತಿಳಿದವರು ಅದನ್ನು ಪ್ಯಾಟಿನಾ ಅನ್ನುತ್ತಾರೆ, ಉಜ್ಜಿ ತೆಗೆಯಬಾರದು ಅನ್ನುತ್ತಾರೆ. ಹೆಂಡತಿ ಅದನ್ನು ಕಿಲುಬು ಅನ್ನುತ್ತಾಳೆ. ಬಣ್ಣ ಉಳಿಸಿ ತುಕ್ಕಷ್ಟನ್ನೇ ತೆಗೆಯುವುದು ಈ ವಿದ್ಯೆಯ ಜೀವಾಳ. ಬಿಗಿದುಕೊಂಡ ಕೀಲಿಗೆ ಚಿಮಣಿ ಎಣ್ಣೆ ಬಿಟ್ಟು ಎರಡು ದಿನ ಕಾಯಬೇಕು. (ರೇಶನ್ನಿನಲ್ಲಿ ಸಿಗುತ್ತಿದ್ದ ಚಿಮಣಿ ಎಣ್ಣೆಗೆ ಈಗ ನಾನು ಮಾಡುವಷ್ಟು ಓಡಾಟ ಮಗಳ ಲಗ್ನಕ್ಕೂ ಮಾಡಿರಲಿಲ್ಲ.) ಆಮೇಲೆ ಅತಿ ನಯವಾದ ಉಕ್ಕಿನ ಉಣ್ಣೆಗೆ (ಸ್ಟೀಲ್ ವುಲ್) ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಬೇಕು. ಮೆಲ್ಲಗೆ, ಎಮ್ಮೆಯ ಮೈ ತಿಕ್ಕಿದ ಹಾಗಲ್ಲ, ಕೂಸಿನ ಮೈ ಒರೆಸಿದ ಹಾಗೆ.

ಇದಕ್ಕೆಲ್ಲ ತಾಳ್ಮೆ ಬೇಕು. ನನಗೆ ವಿನೆಗರ್ ಸಿಕ್ಕಿತು. ಅದರಲ್ಲಿ ನೆನೆಸಿಟ್ಟರೆ ತುಕ್ಕು ತಾನಾಗಿ ಬಿಡುತ್ತದೆಂದು ಗೊತ್ತಾಗಿ ಒಂದು ಅಪರೂಪದ ಎರಡಲಗಿನ ಚಾಕು ಮುಳುಗಿಸಿದೆ. ಸ್ವಲ್ಪ ಹೊತ್ತು ಇಟ್ಟು ಆಗಾಗ ತೆಗೆದು ನೋಡಬೇಕು, ಅದು ಗೊತ್ತಿತ್ತು. ಅಷ್ಟರಲ್ಲಿ ಗೋಕಾಕದಿಂದ ಫೋನು ಬಂತು, ಹೋದೆವು, ಮೂರು ದಿನ ಕರದಂಟು ತಿಂದು ಬಂದೆವು. ಬಂದು ನೋಡಿದರೆ ತುಕ್ಕು ಪೂರ್ತಿ ಹೋಗಿತ್ತು, ಜೊತೆಗೆ ಉಕ್ಕೂ ಹೊರಟಿತ್ತು. ಅಲಗು ಹುಳ ತಿಂದ ಜೋಳದ ಎಲೆಯ ಹಾಗಿತ್ತು. ಅದಕ್ಕಿಂತ ಘೋರವಾದದ್ದು, ನಾನು ಮುಳುಗಿಸಿದ್ದು ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯಲ್ಲಿ. ಅದರ ವಿಚಾರಣೆ ಇನ್ನೂ ನಡೆದಿದೆ, ಹೊಸ ತಾರೀಖು ಬೀಳುತ್ತಲೇ ಇದೆ.

ಒಳ್ಳೆಯ ಚಾಕುವಿನ ಪರೀಕ್ಷೆ ಅದರ ಸದ್ದಿನಲ್ಲಿದೆ. ಬೆನ್ನಿನ ಸ್ಪ್ರಿಂಗ್ ಸರಿಯಿದ್ದರೆ ತೆರೆದಾಗ ಒಂದು ಟಕ್, ಮುಚ್ಚಿದಾಗ ಒಂದು ಟಕ್. ರಾತ್ರಿ ಟಿ.ವಿ. ನೋಡುತ್ತ ನಾನು ಟಕ್-ಟಕ್ ಅನಿಸುತ್ತ ಕೂತರೆ ಹೆಂಡತಿ, "ಸುಮ್ಮಸುಮ್ಮನ ಕತ್ತರಿ ಚಾಕು ಆಡಸಬಾರದ್ರಿ, ಮನ್ಯಾಗ ಜಗಳ ಆಗ್ತಾವ" ಅನ್ನುತ್ತಾಳೆ. "ಎಲ್ಲಿ ಆಗ್ತಾವ, ಸುಳ್ಳ" ಅಂತ ನಾನು. ಅಲ್ಲಿಗೆ ಆಗೇ ಬಿಡುತ್ತದೆ.

ಅಂಥದೇ ಒಂದು ಟಕ್ಕಿಗೆ ಎಡಗೈ ಹೆಬ್ಬೆರಳು ನಡುವೆ ಬಂತು. ಮೂರು ಹೊಲಿಗೆ, ಒಂದು ಧನುರ್ವಾಯುವಿನ ಇಂಜಕ್ಷನ್. ಡಾಕ್ಟರು ಸಹಾನುಭೂತಿಯಿಂದ, "ಕಾಯಿಪಲ್ಲೆ ಹೆಚ್ಚಾಕ ಹೋಗಿದ್ರೇನ್ರಿ?" ಎಂದರು. ಹೆಂಡತಿ ಪಕ್ಕದಿಂದ, "ಅಂಥಾ ಪುಣ್ಯದ ಕೆಲಸಕ್ಕ ಅವರು ಚಾಕು ಹಿಡದಿಲ್ರಿ ಡಾಕ್ಟರ್" ಎಂದಳು.

ಹೊಲಿಗೆ ಬಿಚ್ಚಿದ ಮೇಲೆ ನವೆಂಬರ್ ಬಂತು. ಪಿಂಚಣಿಯವರು ವರ್ಷಕ್ಕೊಮ್ಮೆ ಬದುಕಿದ್ದೇವೆಂದು ಸಾಬೀತು ಮಾಡುವ ತಿಂಗಳು. ಸೇವಾ ಕೇಂದ್ರದ ಹುಡುಗಿ ಹೆಬ್ಬೆರಳು ಒತ್ತಿಸಿದಳು, ಯಂತ್ರ ಒಪ್ಪಲಿಲ್ಲ. "ಬ್ಯಾರೆ ಬಳ್ಳ ಇಡ್ರಿ ಅಜ್ಜಾರ." ಇಟ್ಟೆ. ಒಂದಾದ ಮೇಲೊಂದು ಹತ್ತೂ ಬೆರಳು ಇಟ್ಟೆ. ವರ್ಷವಿಡೀ ಪಾಲಿಶ್ ಕಾಗದದಲ್ಲಿ ಉಜ್ಜಿ ಉಜ್ಜಿ ಚಾಕುವಿನ ತುಕ್ಕಿನ ಜೊತೆ ನನ್ನ ಬೆರಳಿನ ಗೆರೆಗಳೂ ಹೋಗಿದ್ದವು. ಸಾಣೆಯವ ಅಜ್ಜನ ಚಾಕುವಿಗೆ ಮಾಡಿದ್ದನ್ನು ನಾನು ನನಗೇ ಮಾಡಿಕೊಂಡಿದ್ದೆ. ಹುಡುಗಿ ನನ್ನ ಕೈ ತಿರುಗಿಸಿ ನೋಡಿ, "ಗೌಂಡಿ ಕೆಲಸ ಮಾಡ್ತಿದ್ರೇನ್ರಿ?" ಎಂದಳು. ಕೊನೆಗೆ ಕಣ್ಣು ತೋರಿಸಿ ಬದುಕಿ ಬಂದೆ.

ಇನ್ನು ಹಿಡಿಕೆಯ ಕಥೆ. ಅದೇ ಮುಖ್ಯ, ಯಾಕೆಂದರೆ ಅದು ದೇವರ ತನಕ ಹೋಯಿತು.

ಹಳೆ ಚಾಕುವಿನ ಹಿಡಿಕೆ ಏನೇನೋ ಇರುತ್ತದೆ. ಶೆಫೀಲ್ಡಿನವರು ನಮ್ಮ ದೇಶದ ಕಡವೆಯ ಕೊಂಬು ತರಿಸಿ ಹಚ್ಚುತ್ತಿದ್ದರು. ಅಗ್ಗದ ಚಾಕುವಿಗೆ ದನದ ಕಾಲಿನ ಎಲುಬನ್ನೇ ಕೊರೆದು, ಬಣ್ಣ ಕೊಟ್ಟು, ಕೊಂಬಿನ ಹಾಗೆ ಕಾಣುವಂತೆ ಮಾಡುತ್ತಿದ್ದರು. ನನ್ನ ವಕೀಲ ಗೆಳೆಯನೊಬ್ಬ ಒಂದು ಚಾಕು ನೋಡಿ, "ಇದು ಕಡವಿ ಕೋಡಿದ್ರ 1972ರ ವನ್ಯಜೀವಿ ಕಾಯ್ದೆ ಹತ್ತತೈತಿ ನೋಡಪಾ" ಅಂದ. ಆಯುಧದ ಕಾನೂನಿಗೆ ನಾನು ಮೊದಲೇ ತಯಾರಿದ್ದೆ: ಒಂಬತ್ತು ಇಂಚಿಗಿಂತ ಉದ್ದವೋ ಎರಡು ಇಂಚಿಗಿಂತ ಅಗಲವೋ ಇದ್ದರೆ ಮಾತ್ರ ಲೈಸೆನ್ಸಿನ ಮಾತು, ನನ್ನವು ಮೂರು ಇಂಚು ದಾಟಿದವಲ್ಲ. ಕಡವೆಯ ವಿಚಾರ ತಲೆಗೆ ಬಂದಿರಲಿಲ್ಲ. ಆ ರಾತ್ರಿ ನಿದ್ದೆ ಇಲ್ಲ. ಗೇಟು ಸದ್ದಾದರೆ ಅರಣ್ಯ ಇಲಾಖೆ.

ಮರುದಿನ ಕಾಯಿಸಿದ ಸೂಜಿಯ ಪರೀಕ್ಷೆಗೆ ಕೂತೆ. ಹಿಡಿಕೆಗೆ ಕೆಂಪು ಸೂಜಿ ಚುಚ್ಚಬೇಕು. ಕೂದಲು ಸುಟ್ಟ ವಾಸನೆ ಬಂದರೆ ಎಲುಬೋ ಕೊಂಬೋ, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಮೊದಲು ಅಭ್ಯಾಸಕ್ಕೆಂದು ಆಮೆಚಿಪ್ಪಿನ ಬಣ್ಣದ ಒಂದು ಪುಟ್ಟ ಚಾಕು ತಗೊಂಡೆ. ಘಮ್ಮೆಂದು ಕರ್ಪೂರ! ಒಳಗಿನಿಂದ ಹೆಂಡತಿ, "ಇಷ್ಟ ಲಗೂ ಆರತಿ ಮಾಡಿದ್ರೇನ್ರಿ?" ಎಂದು ಕೇಳುವಷ್ಟರಲ್ಲಿ ಭುಗ್ಗೆಂದಿತು. ಸೆಲ್ಯುಲಾಯ್ಡ್ ಮಾಡುವುದು ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ. ಹಳೆಯ ಸಿನೆಮಾ ರೀಲುಗಳು ಹೊತ್ತಿ ಉರಿಯುತ್ತಿದ್ದದ್ದೂ ಇದೇ ಕಾರಣಕ್ಕೆ. ವಾಸನೆ ತಿಳಿದಿದ್ದ ನನಗೆ ಬೆಂಕಿ ಹೊಳೆದಿರಲಿಲ್ಲ. ಹಿಡಿಕೆ ಬೂದಿಯೂ ಉಳಿಸದೆ ಹೋಯಿತು. ಒಣಹಾಕಿದ್ದ ಟವೆಲ್ಲಿಗೊಂದು ತೂತಾಯಿತು. ಕಡವೆಯ ಅನುಮಾನದ್ದಕ್ಕೆ ಸೂಜಿ ಬೇಕಾಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕೊರೆದ ಗೆರೆ ಒಂದೊಂದೂ ಕಾಣುತ್ತಿತ್ತು: ದನದ ಎಲುಬು. ಬದುಕಿದೆ ಅಂದುಕೊಂಡೆ.

ಈ ಸಲದ ಖಂಡೇಪೂಜೆಗೆ ಹೆಂಡತಿ ಮನಸ್ಸು ದೊಡ್ಡದು ಮಾಡಿದಳು. "ಹೆಂಗೂ ಆಯುಧ ಅಂತೀರಿ, ತರ್ರಿ, ಪೂಜಿ ಆಗಲಿ." ಅಷ್ಟೂ ಚಾಕು ದೇವರ ಜಗಲಿ ಏರಿದವು. ಅರಿಷಿಣ, ಕುಂಕುಮ, ವಿಭೂತಿ, ಚೆಂಡುಹೂವು. ನನ್ನ ಕಣ್ಣು ತುಂಬಿ ಬಂತು. ಆ ಉಮೇದಿಯಲ್ಲಿ, ಕೇಳದಿದ್ದರೂ, ಒಂದೊಂದರ ಚರಿತ್ರೆ ಹೇಳತೊಡಗಿದೆ. ಇದು ಫೌಜಿಂದು. ಇದು ಸ್ವಿಸ್. "ಇದು ನೋಡು, ಕಡವಿ ಕೋಡು ಅನಸತೈತಿ, ಆದ್ರ ಅಲ್ಲ, ಖರೇ ದನದ ಎಲಬು..."

ಶುದ್ಧ ಶಾಕಾಹಾರಿ ಮನೆ ನಮ್ಮದು. ಗಂಟೆ ಬಾರಿಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು.

ಚಾಕುಗಳು ಜಗಲಿ ಇಳಿದು ಹಿತ್ತಲಿನ ಕಟ್ಟೆಗೆ ಬಂದವು. ಎಲ್ಲವೂ, ಯಾವುದು ಎಲುಬು ಯಾವುದು ಅಲ್ಲ ಎಂದು ವಿಂಗಡಿಸುವ ಹೊತ್ತು ಅದಾಗಿರಲಿಲ್ಲ. ಜಗಲಿ ತೊಳೆದ ನೀರು ಹಿತ್ತಲಿಗೇ ಹರಿಯಿತು. ಒರೆಸಿಡಬೇಕಿತ್ತು, ಆದರೆ ಆ ರಾತ್ರಿ ಹಿತ್ತಲಿಗೆ ಹೋಗಲು ಅಡುಗೆಮನೆ ದಾಟಬೇಕಿತ್ತು. ದಾಟುವ ಧೈರ್ಯ ಆಗಲಿಲ್ಲ.

ಬೆಳಿಗ್ಗೆ ನೋಡಿದರೆ, ಹಸಿ ಕುಂಕುಮ ಇದ್ದಲ್ಲೆಲ್ಲ ದುಂಡನೆಯ ತುಕ್ಕು. ಪ್ರತಿ ಅಲಗಿನ ಮೇಲೂ ಮುತ್ತೈದೆಯ ಹಣೆಯಂತೆ ಒಂದೊಂದು ಬೊಟ್ಟು. ಫೌಜಿನ ಬಾಣದ ಮೇಲೂ.

ದಸರೆಯ ಸಂಜೆ ನಾನು ಪೇಪರ್ ಹಾಸಿಕೊಂಡು ಕಟ್ಟೆಯ ಮೇಲೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಎದುರು ಮನೆಯ ವೈನಿ ಬನ್ನಿ ಹಿಡಿದು ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಎಲೆ ಕೊಟ್ಟರು. ನನ್ನ ಮುಂದಿನ ರಾಶಿ ನೋಡಿದರು. ಎಷ್ಟೋ ದಿನದ ಒಗಟು ಅವರ ಮುಖದಲ್ಲಿ ಬಿಡಿಸಿಕೊಳ್ಳುವುದು ಕಾಣಿಸಿತು.

"ಹಿಂಗಾ ಇದು!" ಎಂದು ಸೆರಗಿನ ಗಂಟು ಬಿಚ್ಚಿದರು. "ನಮ್ಮ ಮಾವನೋರದ ಒಂದು ಚಾಕು ಇತ್ರಿ, ಭಂಗಾರಕ್ಕ ಹಾಕೂದಿತ್ತು. ನಿಮ್ಮ ಕಡೆ ಇರಲಿ." ಮಹಾಪ್ರಾಣ ಈ ಸಲ ಸ್ಪಷ್ಟವಾಗಿತ್ತು. ಕೈಯಿಂದ ಕೈಗೆ ಚಾಕು ಕೊಡಬಾರದಲ್ಲ, ಕಟ್ಟೆಯ ಮೇಲೆ ಇಟ್ಟರು.

ಆಕಾರ ನೋಡುತ್ತಲೇ ಎದೆ ಹೊಡೆದುಕೊಂಡಿತು. ಅಜ್ಜನದರ ಒಡಹುಟ್ಟಿದ್ದು. ತೆರೆದೆ. ಅಲಗು ಫಳಫಳ ಹೊಳೆಯಿತು, ಕನ್ನಡಿಯ ಹಾಗೆ. ನನ್ನ ಮುಖ ಬಿಟ್ಟು ಅದರಲ್ಲಿ ಬೇರೆ ಏನೂ ಇರಲಿಲ್ಲ.

"ಮ್ಯಾಲೆ ಏನೋ ಚುಕ್ಕಿ ಕೊರದಿದ್ರು, ಹೊಲಸ ಕಾಣಸತಿತ್ತು. ನಿಮಗ್ಯಾಕ ತ್ರಾಸ ಅಂತ ಮುಂಜಾನೆ ಸಾಣೀಯಾಂವ ಬಂದಿದ್ದ, ಉಜ್ಜಿಸೇ ತಂದೀನ್ರಿ. ಬೆಳ್ಳಿಯಂಗ ಆಗೈತಲ್ರಿ?"

"ಆಗೈತ್ರಿ ವೈನಿ" ಅಂದೆ. ಸ್ವಲ್ಪ ಹೊತ್ತಿನ ಮೇಲೆ, "ಇಪ್ಪತ್ತ ರೂಪಾಯಿ ತಗೊಂಡನೇನ್ರಿ?"

"ಇಲ್ರಿ, ಮೂವತ್ತು. ಈಗ ರೇಟ್ ಏರೈತಂತ."