ಐದು ಎಂಟು ಐದು, ಒಂದು ಸೊನ್ನೆ ಒಂದು

ಕಲಬುರಗಿಯ ಪಿನ್ ಕೋಡನ್ನು ಯಾರೂ ಸಂಖ್ಯೆಯಂತೆ ಓದುವುದಿಲ್ಲ. ಕೊರಿಯರ್ ಹುಡುಗನಿಗೆ ಬಿಡಿ ಬಿಡಿ ಅಂಕಿ ಹೇಳಿ ಮುಗಿಸುತ್ತೇವೆ. ಐದು ಲಕ್ಷ ಎಂಬತ್ತೈದು ಸಾವಿರದ ನೂರಾ ಒಂದು ಎಂದು ಪೂರ್ತಿ ಉಚ್ಚರಿಸಿದರೆ, ಪ್ಲಾಟಿನ ದರ ಹೇಳುತ್ತಿದ್ದಾರೆ ಎಂದುಕೊಂಡಾನು. ಮದುವೆಯ ಆಯೇರಿಯ ಹಣದ ಹಾಗೆ ನೂರಾ ಒಂದರಲ್ಲಿ ಮುಗಿಯುವ ಈ 585101ರ ಒಳಗೂ ಗಣಿತವಿದೆ. ಏಪ್ರಿಲ್ ಬಿಸಿಲಿಗೆ ಹೆದರಿ ಮಧ್ಯಾಹ್ನವೆಲ್ಲ ಮನೆಯಲ್ಲೇ ಕೂರುವ ಊರಿನವರಿಗೆ ಅದನ್ನು ಹುಡುಕಲು ಪುರಸೊತ್ತೂ ಇದೆ.

ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಸರ್ಕಾರಿ ಅಧಿಕಾರಿ, ಜೊತೆಗೆ ಸಂಸ್ಕೃತ ಕವಿ. 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು, ಬೋರ್ಡುಗಳು ಹೊಸ ಬಣ್ಣ ಕಂಡವು. ಸಂಖ್ಯೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಮೊದಲ ಮೂರಂಕಿಯನ್ನೇ ನೋಡಿ. 585ನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಸಂಸ್ಕೃತ ಕವಿಗಳು ಗತಪ್ರತ್ಯಾಗತ ಎಂದು ಹೆಣಗಾಡಿ ಹೆಣೆಯುತ್ತಿದ್ದ ಚಮತ್ಕಾರ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಅದು 1001001001. ಅಲ್ಲೂ ಹಿಂದುಮುಂದು ಒಂದೇ! ಹತ್ತರ ಬದಲು ಎಂಟನ್ನು ಆಧಾರವಾಗಿಟ್ಟುಕೊಂಡು ಎಣಿಸಿದರೆ 1111, ಏಕೆಂದರೆ 512, 64, 8, 1 ಕೂಡಿದರೆ 585. ನಿಜಾಮರ ಕಾಲದಲ್ಲಿ ರೂಪಾಯಿಗೆ ಹದಿನಾರು ಆಣೆ ಎಣಿಸಿದ ನಾಡಿಗೆ ಎಂಟರ ಲೆಕ್ಕ ಅಷ್ಟೇನೂ ಪರಕೀಯವಲ್ಲ. ಉಳಿದ 101 ಕೂಡ ಎರಡೂ ಕಡೆಯಿಂದ ಒಂದೇ, ಮೇಲಾಗಿ ಅವಿಭಾಜ್ಯ.

ಇಡೀ ಆರಂಕಿಯನ್ನು ಒಡೆಯುವುದೇ ನಿಜವಾದ ಮೋಜು. ಒಂದು ಬಿಟ್ಟು ಒಂದು ಅಂಕಿ ಕೂಡಿ: 5, 5, 0 ಸೇರಿ ಹತ್ತು, 8, 1, 1 ಸೇರಿಯೂ ಹತ್ತು. ಎರಡೂ ಸಮವಾದರೆ 11ರಿಂದ ಭಾಗ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು. ಉಳಿಯುವುದು 53,191. ಇಲ್ಲಿಂದ ಹಟ ಶುರು. 7 ಶೇಷ ಉಳಿಸುತ್ತದೆ, 13 ಉಳಿಸುತ್ತದೆ, 17, 19, 23, 29, 31, 37, 41, ಎಲ್ಲವೂ ಉಳಿಸುತ್ತವೆ. ಕಾಗದ ಮುದುಡಿ ಎಸೆಯಬೇಕು ಎನ್ನುವಷ್ಟರಲ್ಲಿ 43 ಬರುತ್ತದೆ, ಶೇಷ ಸೊನ್ನೆ. ಕೊನೆಗೆ ಕೈಯಲ್ಲಿರುವುದು 1237. ಅದು ಅವಿಭಾಜ್ಯ, ಇನ್ನು ಒಡೆಯದು. ಮೂರು ಬೇರೆ ಬೇರೆ ಅವಿಭಾಜ್ಯಗಳ ಇಂಥ ಗುಣಲಬ್ಧಕ್ಕೆ ಗಣಿತದವರು ಸ್ಫೆನಿಕ್ ಸಂಖ್ಯೆ ಎನ್ನುತ್ತಾರೆ. ಮೊಬೈಲ್ ಇದನ್ನೆಲ್ಲ ಕ್ಷಣದಲ್ಲಿ ಹೇಳೀತು. ಆದರೆ ಅದಕ್ಕೆ 43 ಸಿಕ್ಕಾಗ ಕುರ್ಚಿಯಿಂದ ಏಳಬೇಕೆನಿಸುವುದಿಲ್ಲ.

ನೆರೆಯವರೂ ಇದೇ 585ರ ಬಳಗ. ಯಾದಗಿರಿಯ 585201 ಸಾಧು ಸ್ವಭಾವದ್ದು. ಅಂಕಿಗಳ ಮೊತ್ತ 21, ಹಾಗಾಗಿ 3ಕ್ಕೇ ಮಣಿಯುತ್ತದೆ. ಬೀದರಿನ 585401 ಕೋಟೆಯ ಊರಿನದು. 2ರಿಂದ 131ರವರೆಗಿನ ಅವಿಭಾಜ್ಯಗಳೆಲ್ಲ ಬಂದು ಬರಿಗೈಯಲ್ಲಿ ಹಿಂದಿರುಗಬೇಕು. 137ಕ್ಕೆ ಮಾತ್ರ ಬಾಗಿಲು ತೆರೆದು, 4273 ಎಂಬ ಇನ್ನೊಂದು ಅವಿಭಾಜ್ಯವನ್ನು ಒಪ್ಪಿಸುತ್ತದೆ. ಎಲ್ಲಕ್ಕಿಂತ ಸಪ್ಪೆಯದು ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ 585106. ಗಣಿತ ವಿಭಾಗವೇ ಇರುವ ಜಾಗ. ಸಂಖ್ಯೆ ಮಾತ್ರ ನೋಡಿದ ಕೂಡಲೇ ಎರಡಕ್ಕೆ ಒಡೆದುಹೋಗುತ್ತದೆ.