ದಿಂಬಿನಡಿಯ ಹೆಣ್ಣುದನಿ

ನನ್ನದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಿಂದ ನಡೆಯುವ ಫೋನು ಎಂದರೆ ಸಾಕು, "ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸೇ ಅಲ್ವಾ?" ಎಂದು ಒಬ್ಬರಾದರೂ ಕೇಳುತ್ತಾರೆ. ನಿಜ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರಬಿಟ್ಟ ಕರ್ನೆಲ್ಲಿನ, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ತಿರುಳು ತಂತ್ರಾಂಶದ, ಸಂತಾನವೇ ಅವರ ಜೇಬಿನಲ್ಲೂ ಇದೆ. ಆದರೆ ಅಲ್ಲಿ ಅದು ಸದ್ದಿಲ್ಲದೆ ಅಡಗಿ ಕೂತು ದುಡಿಯುತ್ತದೆ. ನನ್ನಲ್ಲಿ ಹಾಗಲ್ಲ, ಆದೇಶ ಟೈಪು ಮಾಡುವ ಟರ್ಮಿನಲ್ ತೆರೆದು 'ಸುಡೋ' (ಯಜಮಾನನ ಅಪ್ಪಣೆ, ಮಾಡು) ಎಂದು ಗದರಿಸಿದರೆ ಮಾತ್ರ ಕೆಲಸಕ್ಕೆ ಏಳುತ್ತದೆ. ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಕೇಳಿದವರು ತಮ್ಮ ಫೋನು ನೋಡತೊಡಗಿರುತ್ತಾರೆ.

ಹಳೆಯ ಫೋನಿಗೆ ಅಪ್‌ಡೇಟ್ ನಿಂತಾಗ ನನಗೆ ಸಿಟ್ಟು ಬಂದಿತ್ತು. ಫೋನು ಹತ್ತು ವರ್ಷ ಬಾಳಬೇಕು ಎಂಬ ಹಟಕ್ಕೇ 2017ರಲ್ಲಿ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಲಿನಕ್ಸ್ ಯೋಜನೆ ಹುಟ್ಟಿದ್ದನ್ನು ಓದಿ ಮರುಳಾದೆ. ಅದಾಗಿ ಒಂದು ತಿಂಗಳಿಗೆ ಲಿನಕ್ಸಿಗೆಂದೇ ಮಾಡಿದ ಫೋನು ಕೈಗೆ ಬಂತು. ಹತ್ತು ವರ್ಷ ಅದು ಬಾಳುವುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ನನ್ನ ಬಗ್ಗೆ ಹಾಗೆ ಹೇಳಲಾರೆ.

ಮೊದಲ ಸೋಮವಾರವೇ ಅಲಾರಾಂ ಹೊಡೆಯಲಿಲ್ಲ. ಬ್ಯಾಟರಿ ಉಳಿಸಲು ಫೋನು ಸಸ್ಪೆಂಡ್ ಆಗುತ್ತದೆ, ಅಂದರೆ ಪ್ರೊಸೆಸರ್ ಸಮೇತ ಮಲಗುತ್ತದೆ. ಬುದ್ಧಿವಂತ ಫೋನಾದರೆ ಮಲಗುವ ಮುನ್ನ ಗಡಿಯಾರದ ಚಿಪ್ಪಿಗೆ "ಆರಕ್ಕೆ ಎಬ್ಬಿಸು" ಎಂದು ಹೇಳಿರುತ್ತದೆ. ನನ್ನದು ಹೇಳಿರಲಿಲ್ಲ. ನಾನು ಅದನ್ನು ನಂಬಿ ಮಲಗಿದ್ದೆ, ಅದು ಯಾರನ್ನೂ ನಂಬದೆ ಮಲಗಿತ್ತು. ಒಂಬತ್ತೂವರೆಗೆ ನಾನೇ ಎದ್ದು ಬಟನ್ ಒತ್ತಿದೆ. ಕಣ್ಣು ಬಿಟ್ಟಿದ್ದೇ ತಡ, ಆರು ಗಂಟೆಯ ಅಲಾರಾಂ ಬಹಳ ಶ್ರದ್ಧೆಯಿಂದ ಹೊಡೆಯಿತು.

ಸರಿ, ಮಲಗುವುದೇ ಬೇಡ ಎಂದು ಸಸ್ಪೆಂಡ್ ತೆಗೆದುಹಾಕಿದೆ. ಅಲಾರಾಂ ಸರಿಹೋಯಿತು, ಬ್ಯಾಟರಿ ಮಧ್ಯಾಹ್ನಕ್ಕೇ ಕಣ್ಣು ಮುಚ್ಚತೊಡಗಿತು.

ಮುಂದಿನದು ಹೆಡ್‌ಫೋನು. ಹಾಡು ಹಾಕಿದರೆ ಬರೀ ಕರಕರ. ಈ ಫೋನಿನ ಬೆನ್ನ ಮುಚ್ಚಳ ತೆಗೆದರೆ ಸಾಸಿವೆ ಗಾತ್ರದ ಆರು ಸ್ವಿಚ್ಚುಗಳಿವೆ. ಮೈಕು, ಕ್ಯಾಮೆರಾ ಎಲ್ಲವನ್ನೂ ನಿಜವಾಗಿಯೇ ಕತ್ತರಿಸಿಡಬಹುದು, ಖಾಸಗಿತನದ ಆರು ಬಾಗಿಲುಗಳು! ಆರನೆಯದು ಹೆಡ್‌ಫೋನಿನದು. ಅದನ್ನು ಆಫ್ ಮಾಡಿದರೆ ಅದೇ ತೂತಿನಿಂದ ಸಂಗೀತದ ಬದಲು, ದೋಷ ಹುಡುಕುವವರಿಗೆಂದು ಯಂತ್ರ ಕಳಿಸುವ ಸಂದೇಶಗಳು ಹರಿಯುತ್ತವೆ. ಒಂದು ವಾರ ನಾನು ಕರ್ನೆಲ್ಲಿನ ಸ್ವಗತ ಕೇಳಿಸಿಕೊಂಡಿದ್ದೆ. ಪಿನ್ನು ತೆಗೆದುಕೊಂಡು ಸ್ವಿಚ್ಚನ್ನು ಸರಿಸಿದೆ. ಪಿನ್ನು ಒಂದೆರಡು ಸಲ ಜಾರಿತು, ಇರಲಿ.

ಆಮೇಲೆ ಮೂರು ದಿನ ಎಂಥ ನೆಮ್ಮದಿ! ಸಾಲ ಬೇಕಾ ಎಂದು ಕೇಳುವವರ ಕರೆಯೂ ಇಲ್ಲ. ಲಿನಕ್ಸಿನ ಪುಣ್ಯ ಎಂದುಕೊಂಡೆ. ಸಿಗ್ನಲ್ ಕಡ್ಡಿಗಳು ಕಾಣದ್ದನ್ನು ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುವ ಬಗ್ ಎಂದು ಕ್ಷಮಿಸಿದೆ. ಹೆಂಡತಿಯೂ ಮಾತು ಕಡಿಮೆ ಮಾಡಿದ್ದಳು. ಅದನ್ನೂ ನೆಮ್ಮದಿಯ ಲೆಕ್ಕಕ್ಕೇ ಸೇರಿಸಿದ್ದೆ.

ನಾಲ್ಕನೆಯ ದಿನ ಫೋನೇ ಕಾಣಲಿಲ್ಲ. "ಒಂದು ಮಿಸ್ ಕಾಲ್ ಕೊಡೇ" ಎಂದೆ.

"ಸ್ವಿಚ್ ಆಫ್ ಅಂತ ಬರ್ತಿದೆ. ಮೂರು ದಿನದಿಂದ ಹಾಗೇ ಬರ್ತಿದೆ" ಎಂದಳು, ನನ್ನ ಮುಖ ನೋಡದೆ.

ನಾನು ಬೆದರಲಿಲ್ಲ. ಲಿನಕ್ಸ್ ಬಳಸುವವನಿಗೆ ಇಂಥ ಗಳಿಗೆಗಳೇ ಹಬ್ಬ. ಲ್ಯಾಪ್‌ಟಾಪ್ ತೆರೆದೆ. ಫೋನು ಮನೆಯ ವೈಫೈಯಲ್ಲೇ ಇತ್ತು. ಎಸ್‌ಎಸ್‌ಎಚ್ ಎಂಬ, ದೂರದಿಂದಲೇ ಇನ್ನೊಂದು ಯಂತ್ರಕ್ಕೆ ಆದೇಶ ಕೊಡುವ ದಾರಿಯ ಮೂಲಕ ಒಳಹೊಕ್ಕು, ಸ್ಪೀಕರ್ ಪರೀಕ್ಷಿಸುವ ಆದೇಶ ಕೊಟ್ಟು, ದನಿಯನ್ನು ಪೂರ್ತಿ ಏರಿಸಿದೆ.

ಮಲಗುವ ಕೋಣೆಯಿಂದ ಒಬ್ಬ ಹೆಂಗಸು ಸ್ಪಷ್ಟವಾಗಿ, "ಫ್ರಂಟ್ ಲೆಫ್ಟ್" ಎಂದಳು.

ಹೆಂಡತಿ ಎದ್ದು ನಿಂತಳು. "ಯಾರ್ರೀ ಅದು?"

"ಫ್ರಂಟ್ ಲೆಫ್ಟ್."

ಅದು ಸ್ಪೀಕರಿನ ಎಡ-ಬಲ ಪರೀಕ್ಷಿಸಲು ಎಂದೋ ರೆಕಾರ್ಡ್ ಮಾಡಿಟ್ಟ ದನಿ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ದಿಂಬು ಎತ್ತಿ ಫೋನು ತಂದು ಮುಂದಿಟ್ಟಳು. "ನಾನು ಫೋನ್ ಮಾಡಿದ್ರೆ ನೀವು ಸಿಗಲ್ಲ. ಇವಳು ಮಾತ್ರ ಕರೆದಾಗ ಬರ್ತಾಳೆ."

ಮುಚ್ಚಳ ತೆಗೆದು ನೋಡಿದೆ. ಜಾರಿದ ಪಿನ್ನು ಒಂದನೆಯ ಸ್ವಿಚ್ಚನ್ನೂ ತಳ್ಳಿಬಿಟ್ಟಿತ್ತು. ಒಂದನೆಯದು ಫೋನನ್ನು ಮೊಬೈಲ್ ನೆಟ್‌ವರ್ಕಿಗೆ ಜೋಡಿಸುವ ಮೋಡೆಮ್ಮಿನದು. ಅದನ್ನು ಸರಿಸಿ, ಫೋನು ಮತ್ತೆ ಚಾಲೂ ಮಾಡಿ ಕಾದೆವು. ಕಡ್ಡಿಗಳು ಮೂಡಿದವು. ತಡೆದುಕೊಂಡಿದ್ದ ಸಂದೇಶಗಳು ಒಂದರ ಹಿಂದೊಂದು ಟಿಣ್ ಟಿಣ್ ಎಂದು ಇಳಿದವು. ಮೊದಲನೆಯದು ಮೂರು ದಿನದ ಹಿಂದಿನದು, ಹೆಂಡತಿಯದೇ:

"ಕೀ ಒಳಗೇ ಮರೆತಿದೀನಿ. ಬಾಗಿಲಲ್ಲೇ ಕೂತಿದೀನಿ. ಬೇಗ ಬನ್ನಿ."